ಹದಿನಾಲ್ಕನೇ ಮನೆಯ ಗಾರೆ ಹೂವು

1986ರ ಮಾರ್ಚ್ 11, ಮಂಗಳವಾರ. ಗ್ಲಾಸ್ಗೋ ನಗರದ ಪಶ್ಚಿಮ ಭಾಗದ ಠಾಣೆಯ ಬಾಗಿಲು ತಳ್ಳಿಕೊಂಡು ಮಿಸ್ ಯೂಫೀಮಿಯಾ ಆರ್ಬಕಲ್ ಒಳಗೆ ಬಂದಾಗ ಗೋಡೆ ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು. ಎಪ್ಪತ್ತೊಂಬತ್ತರ ಹೆಂಗಸು. ಬೂದು ಕೋಟು, ಬೂದು ಟೋಪಿ, ಕೈಯಲ್ಲಿ ಊರುಗೋಲು. ಊರುಗೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು.

"ಕಳ್ಳತನ ಆಗಿದೆ."

"ಏನಮ್ಮಾ ಹೋಗಿದ್ದು? ಪರ್ಸಾ?" ಮೇಜಿನ ಹಿಂದಿದ್ದ ಸಾರ್ಜೆಂಟ್ ತಲೆಯೆತ್ತದೆ ಕೇಳಿದ.

"ಹೂವು."

"ಕುಂಡದ್ದಾ, ತೋಟದ್ದಾ?"

"ಚಾವಣೀದು."

ಸಾರ್ಜೆಂಟ್ ಈಗ ತಲೆಯೆತ್ತಿದ. "ನಿಮ್ಮನೆ ಚಾವಣೀದಾ?"

"ಎದುರು ಮನೇದು. ಚಾವಣಿ ಮಧ್ಯೆ ಗಾರೇಲಿ ಮಾಡಿರ್ತಾರಲ್ಲ, ಆ ಅಲಂಕಾರದ ಹೂವು. ಬ್ರೇಮೌಂಟ್ ಬೀದಿ, ಹದಿನಾಲ್ಕನೇ ನಂಬರು."

"ಹಾಗಾದ್ರೆ ಎದುರು ಮನೆಯವ್ರೇ ಬಂದು ದೂರು ಕೊಡ್ಲಿ ಬಿಡಿ."

"ಅವನು ಬರಲ್ಲ. ಅದಕ್ಕೇ ನಾನು ಬಂದಿರೋದು. ಬರ್ಕೋ ಮಗಾ. ನಿಮ್ಮಪ್ಪನ ಕೈಬರಹಕ್ಕಿಂತ ನಿಂದು ವಾಸಿ ಇದೆಯೋ ನೋಡೋಣ. ಅವನಿಗೂ ನಾನೇ ಭೂಗೋಳ ಹೇಳಿಕೊಟ್ಟಿದ್ದು."

ಸಾರ್ಜೆಂಟ್ ಬರೆದುಕೊಂಡ. ದೂರಿನ ಕ್ರಮಸಂಖ್ಯೆ 212. ಕಳವಾದ ವಸ್ತು ಎಂಬಲ್ಲಿ ಒಂದು ಕ್ಷಣ ತಡೆದು, 'ಗಾರೆಯ ಹೂವು, ಒಂದು' ಎಂದು ನಮೂದಿಸಿ ಇನ್‌ಸ್ಪೆಕ್ಟರ್ ಮರ್ಡೊ ಮೆಕಾಸ್ಕಿಲ್ ಅವರ ಕೋಣೆಗೆ ಕಳುಹಿಸಿದ.

ಮೆಕಾಸ್ಕಿಲ್ ಸ್ಕೈ ದ್ವೀಪದವರು. ಪಟ್ಟಣಕ್ಕೆ ಬಂದು ಇಪ್ಪತ್ಮೂರು ವರ್ಷವಾಗಿದ್ದರೂ ನಡಿಗೆ ಮಾತ್ರ ಕುರಿ ಹಿಂದೆ ಹೋಗುವವನದೇ. ಅವಸರ ಮಾಡಿದರೆ ಮಂದೆ ಚದುರುತ್ತದೆ ಎಂಬಂತೆ ಒಂದೊಂದೇ ಹೆಜ್ಜೆ. ಅವರ ಜೊತೆ ಎಲ್ಲಿಗಾದರೂ ಹೋಗುವವನು ಕಾನ್‌ಸ್ಟೇಬಲ್ ಟಾಲಂಡ್. ವಯಸ್ಸು ನಲವತ್ತಾರು, ಬಡ್ತಿಯ ಆಸೆ ಬಿಟ್ಟವನು, ಇದೇ ಊರಲ್ಲಿ ಹುಟ್ಟಿದ ಮಾತುಗಾರ. ಸ್ಕಾಟ್ಲೆಂಡಿನ ನ್ಯಾಯಾಲಯ ಒಬ್ಬ ಪೊಲೀಸಿನವನ ಕಣ್ಣನ್ನು ನಂಬುವುದಿಲ್ಲ. ಕಂಡದ್ದನ್ನು ಇಬ್ಬರೂ ಕಂಡಿರಬೇಕು. ಹಾಗಾಗಿ ಹನ್ನೊಂದು ವರ್ಷದಿಂದ ಇವರಿಬ್ಬರೂ ಒಂದೇ ಕಿಟಕಿಯಿಂದ ಇಣುಕುತ್ತ ಬಂದಿದ್ದಾರೆ.

"ಕೊನೇ ಸಲ ನೋಡಿದ್ದು ಯಾವಾಗ?" ಮೆಕಾಸ್ಕಿಲ್ ಕೇಳಿದರು.

"ಶನಿವಾರ ಸಂಜೆ. ನಾಲ್ಕೂವರೆಗೆ ಬಿಸಿಲು ಅವರ ಮುಂದಿನ ಕೋಣೆಗೆ ಅಡ್ಡ ಬೀಳತ್ತೆ. ಆಗ ಹೂವಿನ ಎಸಳೆಲ್ಲ ಎದ್ದು ಕಾಣತ್ತೆ. 1935ರಿಂದ ನನ್ನ ಚಹಾ ಆ ಹೊತ್ತಿಗೇ."

"ಆಮೇಲೆ?"

"ಭಾನುವಾರ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ರು. ಇವತ್ತು ಬೆಳಿಗ್ಗೆ ಒಂದು ಮೂಲೆ ಕಿತ್ತು ಬಂದಿತ್ತು. ನೋಡ್ತೀನಿ, ಬೋಳು."

ಹತ್ತೂ ಹತ್ತಕ್ಕೆ ಇಬ್ಬರೂ ಬ್ರೇಮೌಂಟ್ ಬೀದಿ ತಲುಪಿದರು. ಮೂರು ದಿನದಿಂದ ಬಿಟ್ಟೂ ಬಿಡದೆ ಹಿಮ ಕಟ್ಟಿದ ಚಳಿ. ಬೀದಿಯ ಎರಡೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ನಾಲ್ಕಂತಸ್ತಿನ ಕಲ್ಲಿನ ಮನೆಗಳು. ನೂರು ವರ್ಷದ ಕಲ್ಲಿದ್ದಲ ಹೊಗೆ ಕುಡಿದು ಕಪ್ಪಾಗಿದ್ದವು. ಮೊದಲು ದೂರುದಾರರ ಹೇಳಿಕೆ ಪಡೆಯಬೇಕೆಂದು ಹನ್ನೊಂದನೇ ಮನೆಯ ಮೆಟ್ಟಿಲು ಹತ್ತುವಾಗ ಟಾಲಂಡ್ ಜಾರಿ ಕಂಬಿ ಹಿಡಿದುಕೊಂಡ. ಐದೂ ಮೆಟ್ಟಿಲ ಮೇಲೆ ಗಾಜಿನಂತೆ ಮಂಜುಗಡ್ಡೆ. ಅಕ್ಕಪಕ್ಕದ ಮನೆಗಳ ಮೆಟ್ಟಿಲು ಒಣಗಿದ್ದವು.

"ಅಮ್ಮಾ, ಪೊಲೀಸರನ್ನ ಕೊಲ್ಲೋಕೆ ಕರೆಸಿದ್ರಾ? ಈ ಚಳೀಲಿ ಯಾರಾದ್ರೂ ಮೆಟ್ಟಿಲು ತೊಳೀತಾರಾ?"

"ಭಾನುವಾರ ತೊಳೆದಿದ್ದು. ಇಷ್ಟು ಚಳಿ ಬೀಳತ್ತೆ ಅಂತ ನಂಗೇನು ಗೊತ್ತು? ಕಾಲು ಎತ್ತಿ ಇಡೋದು ಕಲಿ," ಎಂದರು ಬಾಗಿಲು ತೆರೆದು ನಿಂತಿದ್ದ ಮಿಸ್ ಆರ್ಬಕಲ್.

ಮೆಕಾಸ್ಕಿಲ್ ಹಜಾರದಲ್ಲಿ ಟೋಪಿ ತೆಗೆಯುತ್ತ ಗೋಡೆಯ ಮೇಲಿದ್ದ ಚರ್ಚಿನ ಕ್ಯಾಲೆಂಡರನ್ನೂ ಅದರ ಕೆಳಗಿದ್ದ ಸವೆದ ಪ್ರಾರ್ಥನಾ ಪುಸ್ತಕವನ್ನೂ ನೋಡಿ, ಕಿಸೆಯ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡರು. ಅಡುಗೆಮನೆಯಲ್ಲಿ ಕೂರಿಸಿ ಮಿಸ್ ಆರ್ಬಕಲ್ ಚಹಾ ಕೊಟ್ಟರು. ಹೇಳಿಕೆ ಹದಿನೈದು ನಿಮಿಷದಲ್ಲಿ ಮುಗಿಯಿತು.

ಹನ್ನೊಂದಕ್ಕೆ, ಠಾಣೆಯಿಂದ ಫೋನ್ ಹೋದ ಮೇಲೆ, ಹದಿನಾಲ್ಕನೇ ಮನೆಯ ಮಾಲೀಕ ಲೆನಾರ್ಡ್ ಡನ್‌ವುಡಿ ಕಾರಿನಲ್ಲಿ ಬಂದು ಇಳಿದ. ಕಳೆದ ಬೇಸಿಗೆಯಲ್ಲಿ ಮನೆ ಕೊಂಡವನು. ಬಾಗಿಲು ತೆರೆಯುವ ಮೊದಲೇ ಶುರುಮಾಡಿದ.

"ಇನ್‌ಸ್ಪೆಕ್ಟರೇ, ಕಸ ಹೋಯ್ತು ಅಂತ ಯಾರಾದ್ರೂ ದೂರು ಕೊಡ್ತಾರಾ? ನಾಳೆ ನಾನೇ ಸುತ್ತಿಗೆ ಹೊಡೆಸೋನಿದ್ದೆ. ಯಾರೋ ಪುಣ್ಯಾತ್ಮ ನನ್ನ ಕೂಲಿ ಉಳಿಸಿದಾನೆ."

"ಯಾಕೆ ಹೊಡೆಸೋನಿದ್ರಿ?"

"ಈ ಕೋಣೆ ಮೂರು ಭಾಗ ಆಗ್ಬೇಕು. ವಿದ್ಯಾರ್ಥಿಗಳಿಗೆ ಬಾಡಿಗೆಗೆ. ಗೋಡೆ ಸರಿಯಾಗಿ ಹೂವಿನ ಹೊಟ್ಟೆ ಕೆಳಗೇ ಬರತ್ತೆ. ಕೆಳಗೊಂದು ಹಲಗೆ ಚಾವಣಿ ಹಾಕಿಬಿಟ್ರೆ ಚಳಿಗಾಲದಲ್ಲಿ ಬೆಚ್ಚಗಿರತ್ತೆ ಬೇರೆ."

"ನಗರಸಭೆಯ ಒಪ್ಪಿಗೆ?"

"ಗುರುವಾರ ಹಳೇ ಕಟ್ಟಡಗಳ ಅಧಿಕಾರಿ ನೋಡೋಕೆ ಬರ್ತಾರೆ. ಒಳಗಿನ ಕೆಲಸ ಚೆನ್ನಾಗಿದ್ರೆ ಮುಟ್ಬೇಡ ಅಂತಾರೆ. ಚಾವಣಿ ಶಿಥಿಲ ಆಗಿ ಬಿದ್ದಿದ್ರೆ ಅವರು ತಾನೇ ಏನು ಮಾಡ್ತಾರೆ?" ಡನ್‌ವುಡಿ ನಕ್ಕ. ನಕ್ಕ ಮೇಲೆ ಟಾಲಂಡ್ ಬರೆದುಕೊಳ್ಳುತ್ತಿರುವುದು ಕಂಡು ನಗು ನಿಲ್ಲಿಸಿದ.

ಮೊದಲ ಅಂತಸ್ತಿನ ಮುಂದಿನ ಕೋಣೆ ನಲವತ್ತಡಿ ಉದ್ದವಿತ್ತು. ಹೋದ ಶತಮಾನದಲ್ಲಿ ಹಡಗಿನ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಕಪ್ಪು ಅಮೃತಶಿಲೆಯ ಬೆಂಕಿಗೂಡು ಇನ್ನೂ ಇತ್ತು. ಕಿಟಕಿಯ ಪಕ್ಕದ ಗೋಡೆಯೊಳಗೆ ಮಡಚಿ ಕೂರುವ ಪೈನ್ ಮರದ ಕದಗಳು, ಕೆಲಸದವರನ್ನು ಕರೆಯಲು ತಿರುಗಿಸುತ್ತಿದ್ದ ಹಿತ್ತಾಳೆಯ ಹಿಡಿ, ಗೋಡೆ ಮತ್ತು ಚಾವಣಿ ಸೇರುವ ಕಡೆ ಸುತ್ತಲೂ ದ್ರಾಕ್ಷಿ ಬಳ್ಳಿಯ ಗಾರೆ ಅಂಚು, ಎಲ್ಲ ಇದ್ದವು. ಚಾವಣಿಯ ನಡುವೆ ಮಾತ್ರ ಆರಡಿ ಅಗಲದ ಒಂದು ಬೂದು ವೃತ್ತ.

ಮೆಕಾಸ್ಕಿಲ್ ಏಣಿ ತರಿಸಿ ಹತ್ತಿದರು. ಬಹಳ ಹೊತ್ತು ಅಲ್ಲೇ ನಿಂತಿದ್ದರು.

"ಏನ್ ಸಾರ್, ಗೂಡು ಕಟ್ಟಿದೀರಾ?" ಟಾಲಂಡ್ ಕೆಳಗಿನಿಂದ ಕೇಳಿದ.

"ಟಾಲಂಡ್, ಕಳ್ಳ ಕಿತ್ತುಕೊಂಡು ಹೋದ ಮೇಲೆ ತೂತು ಮುಚ್ಚಿದಾನೆ."

"ಅಂದ್ರೆ?"

"ಹತ್ತಿ ನೋಡು. ನೀನೂ ನೋಡ್ಬೇಕಲ್ಲ."

ಟಾಲಂಡ್ ಹತ್ತಿದ. ಹೂವು ಇದ್ದ ಕಡೆ ಹೊಸ ಗಾರೆ ಬಳಿದಿತ್ತು. ಸುಣ್ಣ, ಮರಳು, ಒಳಗೆ ಎಳೆಎಳೆಯಾಗಿ ಆಡಿನ ಕೂದಲು. ಎರಡು ಕೋಟು ಆಗಿತ್ತು. ಮೇಲಿನ ಕೋಟಿನ ಮೇಲೆ, ಮುಂದಿನದು ಹಿಡಿಯಲೆಂದು ಮೊಳೆಯಿಂದ ಎಳೆದ ಗೀರುಗಳು, ಬಲೆಯ ಕಣ್ಣಿನಂತೆ ಅಡ್ಡಡ್ಡ, ಒಂದರಷ್ಟೇ ಇನ್ನೊಂದು. ನೆಲ ಗುಡಿಸಿತ್ತು. ಒಂದು ಚೂರು ಗಾರೆ ಇರಲಿಲ್ಲ. ಕೋಣೆಯಲ್ಲಿ ಸೀಮೆಎಣ್ಣೆಯ ವಾಸನೆ; ನೆಲದ ಹಲಗೆಯ ಮೇಲೆ ಹೀಟರ್ ಇಟ್ಟಿದ್ದ ದುಂಡನೆಯ ಗುರುತು. ಹಸಿ ಗಾರೆಗೆ ಹಿಮ ಹೊಡೆಯದಿರಲೆಂದು ಯಾರೋ ಕೋಣೆಯನ್ನು ಬೆಚ್ಚಗೆ ಕಾದಿದ್ದರು. ಎಳೆ ಕುರಿಮರಿ ಇರುವ ಕೊಟ್ಟಿಗೆಯನ್ನು ಕಾಯುವ ಹಾಗೆ ಎಂದು ಮೆಕಾಸ್ಕಿಲ್‌ಗೆ ಅನಿಸಿತು.

ಮುಂಬಾಗಿಲ ಬೀಗ ಒಡೆದಿರಲಿಲ್ಲ. ಕಿಟಕಿಗಳೂ ಭದ್ರ. ರಸ್ತೆಯಿಂದ ಕೆಳಗಿಳಿದು ಹೋಗುವ ನೆಲಮನೆಯ ಬಾಗಿಲಲ್ಲಿ ಅಂಗೈಯಗಲದ ಕಬ್ಬಿಣದ ಬೀಗವಿತ್ತು. ಮನೆ ಕಟ್ಟಿದಾಗಿನದು. ಕೀಲಿರಂಧ್ರದಲ್ಲಿ ಬೆರಳಿಟ್ಟರೆ ಹೊಸ ಎಣ್ಣೆ ಹತ್ತಿತು.

"ಇದರ ಕೀಲಿ ಎಲ್ಲಿದೆ?"

"ಮನೆ ಕೊಂಡಾಗಲೇ ಇರಲಿಲ್ಲ," ಎಂದ ಡನ್‌ವುಡಿ. "ಒಳಗಡೆ ಚಿಲಕ ಹಾಕಿಸ್ಬೇಕು ಅಂತಿದ್ದೆ."

ಹನ್ನೆರಡು ಗಂಟೆಗೆ ಸ್ಥಳ ಮಹಜರು ಬರೆದು ಮುಗಿಸಿದರು. ತನಿಖೆ ಮುಗಿಯುವವರೆಗೆ ಯಾರೂ ಒಳಗೆ ಹೋಗಕೂಡದು, ಯಾವ ಕೆಲಸವೂ ನಡೆಯಕೂಡದು ಎಂದು ಮುಂಬಾಗಿಲಿಗೆ ಠಾಣೆಯ ಮೊಹರು ಬಿತ್ತು.

"ನಾಳೆ ನನ್ನ ಆಳುಗಳು ಬರ್ತಾರಲ್ರೀ!" ಡನ್‌ವುಡಿ ಕೂಗಾಡಿದ.

"ಬರ್ಲಿ. ಹೊರಗಡೆ ನಿಂತು ಚಹಾ ಕುಡೀಲಿ."

"ದೂರೇ ಬೇಡ ಅಂತಿದೀನಿ!"

"ಒಳ್ಳೇದು. ಹಾಗಾದ್ರೆ ಒಪ್ಪಿಗೆ ಇಲ್ದೆ ಹೂವು ತೆಗೆಸಿದ್ದು ನೀವೇ ಅಂತ ಅಧಿಕಾರಿಗೆ ಬರೀತೀನಿ. ಸುತ್ತಿಗೆ ಹೊಡೆಸೋನಿದ್ದೆ ಅಂತ ನಮ್ಮಿಬ್ಬರ ಮುಂದೆ ಹೇಳಿದೀರಿ."

ಮಧ್ಯಾಹ್ನ ಎರಡು ಗಂಟೆಗೆ ಡನ್‌ವುಡಿ ಠಾಣೆಗೆ ಬಂದು, ತನ್ನ ಮನೆಯ ಬೆಲೆಬಾಳುವ ಪುರಾತನ ಗಾರೆ ಹೂವನ್ನು ಯಾರೋ ದುಷ್ಟರು ಅಪಹರಿಸಿದ್ದಾರೆಂದೂ ಅವರನ್ನು ಹಿಡಿದು ಶಿಕ್ಷಿಸಬೇಕೆಂದೂ ಬರೆದು ಸಹಿ ಹಾಕಿದ.

"ಬೆಳಿಗ್ಗೆ ಕಸ, ಮಧ್ಯಾಹ್ನ ಪುರಾತನ," ಎಂದ ಟಾಲಂಡ್. "ಮೂರೇ ಗಂಟೇಲಿ ನೂರು ವರ್ಷ ವಯಸ್ಸಾಯ್ತು ಸಾರ್ ಆ ಹೂವಿಗೆ."

ಡನ್‌ವುಡಿಯ ಮೇಸ್ತ್ರಿ ಹಾಸ್ಟಿಯನ್ನು ಅವನು ಕೆಲಸ ಮಾಡುತ್ತಿದ್ದ ಕಡೆಯಿಂದಲೇ ಕರೆಸಿದರು. ನೆಲಮನೆಯ ಬಾಗಿಲಿಗೆ ಹೊಂದುವ ಹಳೆಯ ಕೀಲಿಯೊಂದನ್ನು ಠಾಣೆಯ ಗೊಂಚಲಿನಿಂದ ಹುಡುಕಿ, ಆ ದಾರಿಯಲ್ಲಿ ಅವನನ್ನು ಮೇಲಕ್ಕೆ ಕರೆದೊಯ್ದು ಚಾವಣಿ ತೋರಿಸಿದರು. ಅವನು ಟೋಪಿ ಹಿಂದಕ್ಕೆ ಸರಿಸಿ ನೋಡಿದ.

"ನಿಮ್ಮ ಹುಡುಗರ ಕೆಲಸಾನಾ?"

"ನಮ್ಮವರು ಹಲಗೆ ಹೊಡೆಯೋರು ಸಾರ್. ಈ ಗಾರೆ ಕಲಸೋಕೂ ಬರಲ್ಲ. ಆ ಹೂವು ಅಚ್ಚಲ್ಲಿ ಎರೆದ ಎಂಟು ತುಂಡು. ಹಿಂದುಗಡೆ ಗೋಣಿಬಟ್ಟೆ, ಮರದ ಪಟ್ಟಿ. ತೊಲೆಗೆ ತಿರುಪು ಹಾಕಿ, ತಿರುಪಿನ ತಲೆ ಕಾಣದ ಹಾಗೆ ಮೇಲೆ ಗಾರೆ ಮೆತ್ತಿರ್ತಾರೆ. ತಿರುಪು ಎಲ್ಲಿದೆ ಅಂತ ಗೊತ್ತಿಲ್ದೆ ಇದ್ರೆ ಒಡೆದೇ ತೆಗೀಬೇಕು. ಇವರು ಒಂದು ಎಸಳೂ ಒಡೆದಿಲ್ಲ."

"ಊರಲ್ಲಿ ಯಾರಿಗೆ ಗೊತ್ತು?"

"ಮೂರು ಜನ ಇದ್ರು. ಒಬ್ಬರು ಹೋದ ವರ್ಷ ತೀರಿಕೊಂಡ್ರು. ಒಬ್ಬರು ಸೊಂಟ ಮುರಿದು ಆಸ್ಪತ್ರೇಲಿದಾರೆ." ಹಾಸ್ಟಿ ಟೋಪಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ.

"ಮೂರನೆಯವರು?"

"ಲೇಂಗ್ ಮತ್ತು ಪುತ್ರರು. ಜನವರೀಲಿ ಬಂದಿದ್ರು. ಒಡೆಯೋದಾದ್ರೆ ಆ ಹೂವು ನಂಗೆ ಕೊಡಿ, ನಾನೇ ಇಳಿಸ್ಕೋತೀನಿ ಅಂತ. ಡನ್‌ವುಡಿ ನಕ್ಕು ಕಳಿಸಿದ. ಸಾರ್, ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ. ಲೇಂಗ್ ಬಾಯಿ ಜೋರು."

ಸಂಜೆ ನಾಲ್ಕಕ್ಕೆ ಬೀದಿಯ ಹಿಂದಿನ ಓಣಿಗೆ ಹೋದರು. ಹಿಂದೆ ಕುದುರೆ ಲಾಯವಾಗಿದ್ದ ಕಲ್ಲಿನ ಕಟ್ಟಡ. ಬಾಗಿಲ ಮೇಲೆ ಬಣ್ಣ ಮಾಸಿದ ಫಲಕ: ಎ. ಲೇಂಗ್ ಮತ್ತು ಪುತ್ರರು, ಗಾರೆ ಕೆಲಸದವರು, ಸ್ಥಾಪನೆ 1858. ಒಳಗೆ ಬಿಳಿ ಅಂಗಿಯ ಹೆಂಗಸೊಬ್ಬಳು ತಗಡಿನ ಅಚ್ಚನ್ನು ಅರದಿಂದ ಉಜ್ಜುತ್ತಿದ್ದಳು. ಅರವತ್ತೊಂದು ವಯಸ್ಸು. ಭುಜ ಗಂಡಸಿನದು, ಬೆರಳುಗಳಲ್ಲಿ ಸುಣ್ಣ ತಿಂದ ಬಿರುಕುಗಳು.

"ಪುತ್ರರು ಇದಾರಾ?" ಟಾಲಂಡ್ ಕೇಳಿದ.

"ನಾನೇ ಪುತ್ರರು. ಏನಾಗ್ಬೇಕಿತ್ತು?"

"ನಿಮ್ಮ ಹೆಸರು?"

"ನೆಟ್ಟಿ ಲೇಂಗ್. ಬಾಗಿಲು ಹಾಕ್ಕೊಂಡು ಮಾತಾಡಿ, ಚಳಿ ಬರತ್ತೆ."

"ಭಾನುವಾರ ಬೆಳಿಗ್ಗೆ ಎಲ್ಲಿದ್ರಿ?" ಮೆಕಾಸ್ಕಿಲ್ ಕೇಳಿದರು.

"ಬೀದಿಯವರೆಲ್ಲ ಎಲ್ಲಿದ್ರೋ ಅಲ್ಲಿ ಇರಲಿಲ್ಲ. ನಾನು ಚರ್ಚಿಗೆ ಹೋಗಲ್ಲ."

"ಹದಿನಾಲ್ಕನೇ ಮನೆಗೆ ಹೋಗಿದ್ರಾ?"

"ಜನವರೀಲಿ ಹೋಗಿದ್ದೆ. ಮರ್ಯಾದೆಯಾಗಿ ಕೇಳಿದ್ದೆ. ಮರ್ಯಾದೆ ಸಿಗಲಿಲ್ಲ."

"ಇಲ್ಲಿ ಹುಡುಕ್ತೀವಿ."

"ಹುಡುಕಿ. ಕಾಲಿಗೆ ಸುಣ್ಣದ ಗುಂಡಿ ಸಿಕ್ರೆ ನನ್ನನ್ನ ಬೈಬೇಡಿ."

ಗೋಡೆಯ ತುಂಬ ಮೊಳೆಗೆ ತೂಗುಹಾಕಿದ ಅಚ್ಚುಗಳು: ಎಲೆ, ಹಣ್ಣು, ಸಿಂಹದ ಮುಖ, ಮುಳ್ಳುಗಿಡದ ಹೂವು. ಟಾಲಂಡ್ ಒಂದು ಗಂಟೆ ಹುಡುಕಿದ. ಆರಡಿ ಹೂವಾಗಲಿ ಅದರ ಎಂಟನೇ ಒಂದು ಭಾಗವಾಗಲಿ ಸಿಗಲಿಲ್ಲ. ಗಾಡಿಯಿಲ್ಲ, ವ್ಯಾನಿಲ್ಲ. ಇದ್ದದ್ದು ಎರಡು ಚಕ್ರದ ಕೈಗಾಡಿ.

ಮೆಕಾಸ್ಕಿಲ್ ನೆಲ ನೋಡುತ್ತಿದ್ದರು. ಅವಳ ಕೆಲಸದ ಮೇಜಿನ ಪಕ್ಕ ಧೂಳಿಲ್ಲದ ಒಂದು ದುಂಡನೆಯ ಜಾಗ.

"ಹೀಟರ್ ಎಲ್ಲಿ?"

"ಕೆಟ್ಟಿದೆ."

"ಈ ಚಳೀಲಿ ಹೀಟರ್ ಇಲ್ದೆ ಗಾರೆ ಒಣಗತ್ತಾ?"

"ಒಣಗೋದಲ್ಲ ಮಗಾ, ಕಟ್ಟೋದು. ಒಣಗೋದು ಬಟ್ಟೆ." ಅವಳು ಅರವನ್ನು ಕೆಳಗಿಟ್ಟಳು. "ಹಿಮ ಹೊಡೆದ್ರೆ ಹಿಟ್ಟಾಗಿ ಉದುರತ್ತೆ. ಬಿಸಿ ಜಾಸ್ತಿ ಆದ್ರೆ ಬಿರುಕು ಬಿಡತ್ತೆ."

"ಎರಡನೇ ಕೋಟು ಸೋಮವಾರ ಹಾಕಿದ್ರೆ ಮೂರನೇದು ಯಾವಾಗ?"

"ಬುಧವಾರ ಬೆಳಿಗ್ಗೆ. ಅದಕ್ಕಿಂತ ತಡ ಮಾಡಿದ್ರೆ ಮೇಲಿನ ಕೋಟು ಹಿಡಿಯೋದೇ ಇಲ್ಲ, ವರ್ಷದೊಳಗೆ ಚಕ್ಕೆ ಏಳತ್ತೆ. ಅಂಥ ಕೆಲಸ ಮಾಡಿ ಕೈಬಿಟ್ಟು ಹೋಗೋನು ಗಾರೆಯವನೇ ಅಲ್ಲ." ಹೇಳಿಬಿಟ್ಟ ಮೇಲೆ ಇನ್‌ಸ್ಪೆಕ್ಟರ್ ಮುಖವನ್ನೇ ನೋಡಿದಳು. ಕಣ್ಣು ತಗ್ಗಿಸಲಿಲ್ಲ. "ಇನ್ನೇನಾದ್ರೂ ಕಲೀಬೇಕಾ?"

"ಸಾಕು. ಥ್ಯಾಂಕ್ಸ್."

ಓಣಿಯಲ್ಲಿ ಟಾಲಂಡ್ ಹೇಳಿದ, "ಅವಳೇ ಸಾರ್. ಈಗಲೇ ಕರ್ಕೊಂಡು ಹೋಗೋಣ."

"ಏನಂತ? ಹೀಟರ್ ಕೆಟ್ಟಿದೆ ಅಂತಲಾ? ಅವಳ ಕೈಯೇ ಆ ಚಾವಣಿ ಮೇಲಿರೋದನ್ನ ನಾವಿಬ್ಬರೂ ನೋಡ್ಬೇಕು. ನೆಲಮನೆ ಬಾಗಿಲಿಗೆ ಮೊಹರು ಹಾಕಿಲ್ಲ ತಾನೇ?"

"ನೀವು ಹಾಕು ಅನ್ನಲೇ ಇಲ್ಲವಲ್ಲ. ಮರೆತುಬಿಟ್ರಿ ಅಂದ್ಕೊಂಡಿದ್ದೆ."

"ಅರ್ಧ ಉತ್ತ ಹೊಲ ಬಿಟ್ಟು ನಮ್ಮಪ್ಪ ಒಂದು ದಿನವೂ ನಿದ್ದೆ ಮಾಡಿದ್ದು ನಾನು ನೋಡಿಲ್ಲ. ಬೆಳಿಗ್ಗೆ ಆರಕ್ಕೆ ಬಾ. ಬ್ರೆಡ್ಡು ತಗೊಂಡು ಬಾ."

ಮಾರ್ಚ್ 12, ಬುಧವಾರ. ಆರೂ ನಲವತ್ತಕ್ಕೆ ಬೆಳಕು ಹರಿದಿತ್ತು. ಇಬ್ಬರೂ ಮುಂದಿನ ಕೋಣೆಯ ಬೆಂಕಿಗೂಡಿನ ಪಕ್ಕ ಕೂತಿದ್ದರು. ಕೆಳಗೆ ಹಳೆಯ ಬೀಗ ಸದ್ದಿಲ್ಲದಷ್ಟು ಮೆತ್ತಗೆ ತಿರುಗಿತು. ಮೆಟ್ಟಿಲ ಮೇಲಿನ ಹೆಜ್ಜೆಗಳಲ್ಲಿ ಮಾತ್ರ ಯಾವ ಅಂಜಿಕೆಯೂ ಇರಲಿಲ್ಲ. ನೆಟ್ಟಿ ಲೇಂಗ್ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಕರಣೆ ಹಿಡಿದು ಒಳಗೆ ಬಂದಳು. ಬಿಳಿ ಅಂಗಿ ಒಗೆದು ಇಸ್ತ್ರಿ ಮಾಡಿದ್ದು.

"ಬರ್ತೀನಿ ಅಂತ ಗೊತ್ತಿತ್ತಲ್ಲ," ಎಂದಳು.

"ಗೊತ್ತಿತ್ತು," ಎಂದರು ಮೆಕಾಸ್ಕಿಲ್. "ನಾವಿರ್ತೀವಿ ಅಂತ ನಿಮಗೂ ಗೊತ್ತಿತ್ತು."

"ಬೀಗಕ್ಕೆ ಮೊಹರು ಹಾಕಿರಲಿಲ್ಲ. ನೀವು ಮರೆಯೋ ಪೈಕಿ ಅಲ್ಲ." ಬಕೆಟ್ ಕೆಳಗಿಟ್ಟಳು. "ಕೈಕೋಳ ಆಮೇಲೆ ಹಾಕಿ. ಕಲಸಿಯಾಗಿದೆ. ಮುಕ್ಕಾಲು ಗಂಟೇಲಿ ಕಲ್ಲಾಗತ್ತೆ."

"ಯಾಕೆ ಬಂದ್ರಿ? ಹೂವು ಸಿಕ್ಕಿತ್ತಲ್ಲ. ತೂತು ಹಾಗೇ ಬಿಟ್ಟಿದ್ರೆ ನಿಮ್ಮನ್ನ ಹಿಡಿಯೋಕೆ ನಮ್ಮ ಹತ್ರ ಏನೂ ಇರಲಿಲ್ಲ."

"ನಾಳೆ ಅಧಿಕಾರಿ ಬರ್ತಾರೆ. ಅರ್ಧ ಕೆಲಸ ನೋಡಿದ್ರೆ ಆ ಡನ್‌ವುಡಿ ಏನಂತಾನೆ? 'ನೋಡಿ ಸಾರ್, ಚಾವಣಿ ಕೊಳೆತಿದೆ, ಕೆಡವೋಕೆ ಬಿಡಿ' ಅಂತಾನೆ. ದ್ರಾಕ್ಷಿ ಬಳ್ಳೀನೂ ಹೋಗತ್ತೆ, ಬೆಂಕಿಗೂಡೂ ಹೋಗತ್ತೆ, ಇಡೀ ಕೋಣೇನೇ ಹೋಗತ್ತೆ. ಗಟ್ಟಿ ಚಾವಣಿ ಇದ್ರೆ ಅವನ ಬಾಯಿ ಕಟ್ಟತ್ತೆ. ಈಗ ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರಿ."

ಟಾಲಂಡ್ ಇನ್‌ಸ್ಪೆಕ್ಟರ್ ಕಡೆ ನೋಡಿದ. ಮೆಕಾಸ್ಕಿಲ್ ಪಕ್ಕಕ್ಕೆ ಸರಿದರು.

"ಸಾಕ್ಷಿ ಬೇಕಲ್ಲ, ಟಾಲಂಡ್. ನೋಡೋಣ."

ಅವಳು ಎರಡು ಏಣಿಗಳ ನಡುವೆ ಹಲಗೆ ಹಾಸಿ ಹತ್ತಿದಳು. ಗೀರುಗಳ ಮೇಲೆ ನೀರು ಚಿಮುಕಿಸಿದಳು. ಕೈಯಲ್ಲಿದ್ದ ಮಣೆಯ ಮೇಲಿನಿಂದ ಬಿಳಿಯ ಗಾರೆ ಕರಣೆಗೆ ಬಂದು, ಕರಣೆಯಿಂದ ಚಾವಣಿಗೆ ಹೋಯಿತು. ಒಂದು ಹನಿ ಕೆಳಗೆ ಬೀಳಲಿಲ್ಲ. ತೋಳು ಅಗಲವಾಗಿ ತೂಗುತ್ತಿತ್ತು, ಹುಲ್ಲು ಕೊಯ್ಯುವವರ ತೋಳಿನಂತೆ, ಒಂದೇ ಲಯದಲ್ಲಿ. ಬೀದಿಯಲ್ಲಿ ಹಾಲಿನ ಗಾಡಿ ಹೋದ ಸದ್ದು ಬಿಟ್ಟರೆ ಕೋಣೆಯಲ್ಲಿ ಕರಣೆಯ ಉಜ್ಜು ಮಾತ್ರ. ಟಾಲಂಡ್ ಕೈಯಲ್ಲಿದ್ದ ಬ್ರೆಡ್ಡು ಅರ್ಧಕ್ಕೇ ನಿಂತಿತ್ತು. ಏಳೂ ಇಪ್ಪತ್ತೈದಕ್ಕೆ ಅವಳು ಇಳಿದು, ತಲೆ ಓರೆಮಾಡಿ ನೋಡಿ, ಮತ್ತೆ ಹತ್ತಿ ಒಂದು ಕಡೆ ಒದ್ದೆ ಬ್ರಷ್ ಆಡಿಸಿ ಬಂದಳು. ಹಳೆಯದೆಲ್ಲಿ ಮುಗಿದು ಹೊಸದೆಲ್ಲಿ ಶುರುವಾಯಿತೆಂದು ಹೇಳಲು ಆಗುತ್ತಿರಲಿಲ್ಲ.

"ಈಗ ಹೂವು ಎಲ್ಲಿದೆ ಹೇಳಿ," ಎಂದರು ಮೆಕಾಸ್ಕಿಲ್.

"ಹೇಳಲ್ಲ. ಈ ಕೋಣೆ ಮುಟ್ಟಕೂಡದು ಅಂತ ಅಧಿಕಾರಿ ಕಾಗದದ ಮೇಲೆ ಬರೀಲಿ. ಆಮೇಲೆ ನಾನೇ ತಂದು ಮೇಲೆ ಕೂರಿಸ್ತೀನಿ. ಕೂಲಿ ಬೇಡ."

"ಎಂಟು ತುಂಡು. ಒಂದೊಂದೂ ಒಂದು ಕುರಿಯಷ್ಟು ತೂಕ. ನಿಮ್ಮ ಹತ್ರ ಇರೋದು ಕೈಗಾಡಿ. ಭಾನುವಾರ ಬೆಳಿಗ್ಗೆ, ಚರ್ಚ್ ಬಿಡೋದರೊಳಗೆ. ದೂರ ಹೋಗಿರಲ್ಲ."

ಅವಳು ಕರಣೆ ಒರೆಸಿ ಬಕೆಟ್ಟಿಗೆ ಹಾಕಿದಳು.

ಮೂವರೂ ಬೀದಿ ದಾಟಿದರು. ಹನ್ನೊಂದನೇ ಮನೆಯ ಬಾಗಿಲು ತಟ್ಟುವ ಮೊದಲೇ ತೆರೆಯಿತು.

"ಮಿಸ್ ಆರ್ಬಕಲ್, ನಮ್ಮ ದ್ವೀಪದಲ್ಲಿ ಭಾನುವಾರ ಹಗ್ಗದ ಮೇಲೆ ಬಟ್ಟೆ ಹಾಕಿದ್ರೂ, ದೇವರ ದಿನ ಕೆಲಸ ಮಾಡಿದ್ರಿ ಅಂತ ಬೈಯೋಕೆ ಪಾದ್ರಿ ಮನೆಗೆ ಬರ್ತಾರೆ," ಎಂದರು ಮೆಕಾಸ್ಕಿಲ್. "ನೀವೂ ಅದೇ ಪೈಕಿಯವರು. ಐವತ್ತು ವರ್ಷದಲ್ಲಿ ಎಷ್ಟು ಭಾನುವಾರ ಮೆಟ್ಟಿಲು ತೊಳೆದಿದೀರಿ?"

"ಒಂದು," ಎಂದರು ಮಿಸ್ ಆರ್ಬಕಲ್. "ಗಾರೆಯ ಬಿಳಿ ಹೆಜ್ಜೆ ಮೂಡಿತ್ತು. ದೇವರು ಕ್ಷಮಿಸ್ತಾನೆ. ನೀವು ಕ್ಷಮಿಸೋದೇನೂ ಬೇಡ, ಒಳಗೆ ಬನ್ನಿ."

ಊಟದ ಕೋಣೆಯಲ್ಲಿ ಹದಿನಾಲ್ಕು ಜನ ಕೂರುವ ಮೇಜು. ಅದರ ಮೇಲೆ ನೆಲ ಮುಟ್ಟುವ ಬಿಳಿ ಬಟ್ಟೆ. ಮಿಸ್ ಆರ್ಬಕಲ್ ಊರುಗೋಲಿನಿಂದ ಬಟ್ಟೆಯ ಅಂಚು ಎತ್ತಿದರು. ಕೆಳಗೆ ಕಂಬಳಿ ಸುತ್ತಿದ ಎಂಟು ಗಂಟುಗಳು.

"ಅಮ್ಮಾ," ಟಾಲಂಡ್ ತಲೆ ಕೆರೆದುಕೊಂಡ, "ಮಾಲು ನಿಮ್ಮ ಮೇಜಿನ ಕೆಳಗಿಟ್ಕೊಂಡು ಠಾಣೆಗೆ ಬಂದು ದೂರು ಕೊಟ್ರಾ?"

"ಕೊಡದೆ? ನೀನು ಮೊಹರು ಹಾಕದೇ ಇದ್ದಿದ್ರೆ ಇವತ್ತು ಆ ಮನೇಲಿ ಸುತ್ತಿಗೆ ಆಡ್ತಿತ್ತು. ಅವನ ಬಾಗಿಲು ಮುಚ್ಚೋಕೆ ನಂಗೆ ಅಧಿಕಾರ ಇಲ್ಲ, ನಿಮಗಿದೆ. ನನ್ನನ್ನೂ ಬಂಧಿಸ್ತೀರಾ? ಕೋಟು ಹಾಕ್ಕೊಂಡೇ ಇದೀನಿ."

ಮೆಕಾಸ್ಕಿಲ್ ಕಂಬಳಿ ಬಿಚ್ಚಿಸಿದರು. ವಸ್ತುವಿನ ವಿವರ ಬರೆಯಬೇಕಿತ್ತು. ಎಸಳುಗಳ ಮೇಲೆ ನೂರು ವರ್ಷದ ಸುಣ್ಣದ ಪದರು ಕೂತು ಅಂಚೆಲ್ಲ ಮೊಂಡಾಗಿತ್ತು. "ತಿರುಗಿಸಿ," ಎಂದಳು ನೆಟ್ಟಿ. ಟಾಲಂಡ್ ಮತ್ತು ಅವಳು ಸೇರಿ ಒಂದು ತುಂಡನ್ನು ಬೋರಲು ಹಾಕಿದರು. ಒರಟು ಬೆನ್ನಿನ ಮೇಲೆ, ಗಾರೆ ಹಸಿಯಾಗಿದ್ದಾಗ ಬೆರಳಿನಿಂದ ಗೀಚಿದ ಅಕ್ಷರಗಳು. ಆ ಕಸುಬಿನವರಲ್ಲಿ ಕಾಣದ ಮೈಯ ಮೇಲೆ ಹೆಸರು ಬರೆಯುವ ರೂಢಿಯಿದೆ. ಮನೆಯೊಡೆಯ ಅದನ್ನೆಂದೂ ನೋಡುವುದಿಲ್ಲ.

ಮೆಕಾಸ್ಕಿಲ್ ಗಟ್ಟಿಯಾಗಿ ಓದಿದರು: "ಆರ್ಚಿಬಾಲ್ಡ್ ಜ್ವರದಲ್ಲಿ ಮಲಗಿದ್ದಾನೆ. ಬಿಲ್ಲಿನಲ್ಲಿ ಅವನ ಹೆಸರಿದೆ. ಕೆತ್ತಿದ್ದು, ಎರೆದದ್ದು, ಏರಿಸಿದ್ದು ನಾನು. ಜೆಸ್ಸಿ ಲೇಂಗ್. ಮಾರ್ಚ್ 1871."

ನೆಟ್ಟಿ ಆ ಅಕ್ಷರಗಳ ಮೇಲಿನ ಧೂಳು ಒರೆಸಿದಳು.

"ನಮ್ಮಪ್ಪನ ಅಜ್ಜಿ," ಎಂದಳು ನೆಟ್ಟಿ. "ಹೆಂಗಸು ಅಟ್ಟಣಿಗೆ ಹತ್ತಿದ್ದು ಗೊತ್ತಾದ್ರೆ ಕೆಲಸ ತಪ್ಪತ್ತೆ ಅಂತ ಗಂಡನ ಅಂಗಿ ಹಾಕ್ಕೊಂಡು ಬರ್ತಿದ್ಲಂತೆ. ಮನೇಲಿ ಎಲ್ಲರಿಗೂ ಗೊತ್ತು, ಹೊರಗಡೆ ಯಾರಿಗೂ ಗೊತ್ತಿಲ್ಲ. ನಲವತ್ತೊಂದರಲ್ಲಿ ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ನಂಗೆ ಹದಿನಾರು. ಅಪ್ಪ ನನ್ನನ್ನ ಏಣಿ ಹತ್ತಿಸಿದ. ಯುದ್ಧ ಮುಗೀತು, ಕಸುಬಿನ ಸಂಘದವರ ಹತ್ರ ಹೋಗಿ ನಂಗೂ ಪ್ರಮಾಣಪತ್ರ ಕೊಡಿ ಅಂದೆ. 'ನಿಮ್ಮ ವಂಶದಲ್ಲಿ ಹೆಂಗಸು ಗಾರೆ ಮುಟ್ಟಿದ್ದಕ್ಕೆ ಏನು ದಾಖಲೆ?' ಅಂದ್ರು. ದಾಖಲೆ ಚಾವಣೀಲಿ ಬೋರಲು ಬಿದ್ದಿತ್ತು. ತಿರುಪು ಎಲ್ಲಿದೆ ಅಂತ ಆಗ ನಂಗೆ ಗೊತ್ತಿರಲಿಲ್ಲ, ತೋರಿಸ್ಬೇಕಾದ್ರೆ ಒಡೀಬೇಕಿತ್ತು. ಒಡೆಯೋ ಕೈ ನಂದಲ್ಲ. ಡನ್‌ವುಡಿ ಸುತ್ತಿಗೆ ತರ್ತೀನಿ ಅಂದ ದಿನ ಕೀಲಿ ತಗೊಂಡೆ. ಈ ಬೀದೀಲಿ ಪ್ರತಿ ಮನೆ ನೆಲಮನೆ ಕೀಲಿ ನಮ್ಮಲ್ಲಿದೆ. ಮನೆ ಕಟ್ಟಿದಾಗ ಕೊಟ್ಟಿದ್ದು, ಯಾರೂ ವಾಪಸ್ ಕೇಳಿಲ್ಲ."

"ತಪ್ಪಾಯ್ತು ಅಂತ ಹೇಳಿಕೇಲಿ ಬರೆದ್ರೆ ನ್ಯಾಯಾಧೀಶರು ಸಡಿಲ ಬಿಡ್ತಾರೆ," ಎಂದ ಟಾಲಂಡ್, ಮೆಲ್ಲಗೆ.

"ಕದ್ದೆ ಅಂತ ಬರಿ. ತಪ್ಪಾಯ್ತು ಅಂತ ಬರೀಬೇಡ."

ಎಂಟೂ ಐದಕ್ಕೆ ಮೆಕಾಸ್ಕಿಲ್ ನೆಟ್ಟಿ ಲೇಂಗ್‌ಳನ್ನು ಬಂಧಿಸಿದರು. ಕೈಕೋಳ ಹಾಕಲಿಲ್ಲ. ಕೈಯಲ್ಲಿ ಗಾರೆ ಇನ್ನೂ ಹಸಿಯಿತ್ತು. ಮಿಸ್ ಆರ್ಬಕಲ್ ಮೇಲೆ ಮಾಲು ಇರಿಸಿಕೊಂಡ ಆರೋಪ ದಾಖಲಾಯಿತು. ಅವರು ಅದನ್ನು ಎರಡು ಬಾರಿ ಓದಿಸಿಕೊಂಡು, ಒಂದು ಕಾಗುಣಿತ ತಿದ್ದಿ ಸಹಿ ಹಾಕಿದರು.

ಠಾಣೆಯಲ್ಲಿ ಟಾಲಂಡ್ ನಮೂನೆ ತುಂಬುತ್ತಿದ್ದ. ಹೆಸರು, ವಯಸ್ಸು, ವಿಳಾಸ.

"ವೃತ್ತಿ?" ಎಂದು ಕೇಳಿ, ತಾನೇ ಬರೆಯಲು ಹೋದ. "ಮನೆಗೆಲಸ..."

"ಗಾರೆ ಕೆಲಸದವಳು."

"ಪತ್ರ ಇದೆಯಾ ಅಂತ ಕೇಳ್ತಾರೆ, ಅಕ್ಕಾ."

"ಬೆಳಿಗ್ಗೆ ನೋಡಿದ್ಯಲ್ಲ. ನೀವಿಬ್ಬರೂ ನೋಡಿದ್ರಿ. ಬರಿ."

ಟಾಲಂಡ್ ಇನ್‌ಸ್ಪೆಕ್ಟರ್ ಕಡೆ ತಿರುಗಿದ. ಅವರು ತಲೆಯಾಡಿಸಿದರು. ಬರೆದಷ್ಟನ್ನೂ ಅಚ್ಚುಕಟ್ಟಾಗಿ ಹೊಡೆದು ಹಾಕಿ ಟಾಲಂಡ್ ಮತ್ತೆ ಬರೆದ.

ಮರುದಿನ ನಗರಸಭೆಯ ಅಧಿಕಾರಿ ಹದಿನಾಲ್ಕನೇ ಮನೆಯನ್ನು ಪರಿಶೀಲಿಸಿ, ಮುಂದಿನ ಕೋಣೆಯ ಚಾವಣಿ ಸುಸ್ಥಿತಿಯಲ್ಲಿದೆ, ವಿಭಜಿಸಲು ಅನುಮತಿಯಿಲ್ಲ, ಹೂವನ್ನು ಮೊದಲಿದ್ದಲ್ಲಿಯೇ ಕೂರಿಸತಕ್ಕದ್ದು ಎಂದು ಆದೇಶಿಸಿದರು. ಏಪ್ರಿಲಿನಲ್ಲಿ ನ್ಯಾಯಾಲಯ ಇಬ್ಬರು ಹೆಂಗಸರಿಗೂ ಎಚ್ಚರಿಕೆ ಹೇಳಿ ಬಿಟ್ಟಿತು. ಪಶ್ಚಾತ್ತಾಪವಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ನೆಟ್ಟಿ ಲೇಂಗ್, "ಇಲ್ಲ ಸ್ವಾಮಿ, ಒಂದು ಕಡೆ ಬ್ರಷ್ ಗುರುತು ಉಳಿದಿದೆ, ಅದಕ್ಕೆ ಮಾತ್ರ," ಎಂದಳು.

ಹೂವು ಮೇಲೇರುವ ಮುನ್ನ ಮೆಕಾಸ್ಕಿಲ್ ಕಡತ ಮುಚ್ಚಿದರು. ಹೂವು ಮತ್ತೆ ಬೋರಲಾದ ಮೇಲೆ ಆ ಬರಹವನ್ನು ಯಾರೂ ನೋಡಲಾರರು. ದೂರು ಸಂಖ್ಯೆ 212ರ ಜಪ್ತಿ ಪಟ್ಟಿಯ ಮೊದಲ ಕಲಮಿನಲ್ಲಿ, ಇಬ್ಬರು ಪೊಲೀಸರ ಸಹಿಯ ಮೇಲೆ, ಅವರದೇ ನಿಧಾನದ ಅಕ್ಷರದಲ್ಲಿ ಹೀಗಿತ್ತು: ಗಾರೆಯ ಹೂವು, ಒಂದು. ತುಂಡುಗಳು ಎಂಟು. ಮಾಡಿದವರು, ಜೆಸ್ಸಿ ಲೇಂಗ್.